ಮಾತ್ರೆ ಬಿಟ್ಟ ಮೇಲೆ

ನನ್ನ ಭಾವ ಕೋಟಿನ ಬಟ್ಟೆ ಕತ್ತರಿಸುವವರು. ಹೊಲಿಯುವವರು ಬೇರೆ. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಒಂದೇ ಓಟಕ್ಕೆ ಕತ್ತರಿ ಆಡಿಸುವವರು ಅವರು. ಆಡಿಸುತ್ತಿದ್ದವರು ಎನ್ನಬೇಕು. ಎದೆಬಡಿತ ಹದ ತಪ್ಪಿದೆಯೆಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು, ಬಲಗೈ ನಡುಗತೊಡಗಿತು. ಅಂಗಡಿಯ ಮಾಲೀಕರು ಒಳ್ಳೆಯವರು, ಮನೆಗೆ ಕಳಿಸಲಿಲ್ಲ. ಗಿರಾಕಿಗಳಿಗೆ ಬಟ್ಟೆ ತೋರಿಸುವ ಕಡೆ ನಿಲ್ಲಿಸಿದರು. ಕಣ್ಣಳತೆಯಲ್ಲೇ ಭುಜದ ಅಗಲ ಹೇಳುತ್ತಿದ್ದ ಮನುಷ್ಯ ಈಗ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾ ದಿನ ದೂಡುತ್ತಿದ್ದರು.

ಅವರಿಗೆ ಮಾತ್ರೆ ಬಿಟ್ಟು ಮತ್ತೆ ಕತ್ತರಿ ಹಿಡಿಯುವ ಆಸೆ. ಅಕ್ಕ ಬಿಡಬೇಕಲ್ಲ.

"ಕೈ ನಡುಗಿದ್ರೆ ನಡುಗ್ಲಿ ಬಿಡ್ರೀ, ಜೀವ ಒಂದಿದ್ರೆ ಸಾಕು. ತಗೊಂಡೋರು ಜಾಸ್ತಿ ವರ್ಷ ಬದುಕ್ತಾರಂತೆ. ಇವಳ ಆಫೀಸಿನೋರೇ ಬರ್ದಿದಾರೆ."

ಇವಳು ಎಂದರೆ ನಾನು. ಅವರ ಮನೆಯ ಹಿಂದಿನ ಕೋಣೆಯಲ್ಲಿರುವ, ಮದುವೆಯಾಗದ ನಾದಿನಿ. ವರ್ಷಗಟ್ಟಲೆ ನುಂಗಿದ ಔಷಧ ನಿಜವಾಗಿ ಕೆಲಸ ಮಾಡಿದೆಯೇ ಎಂದು ಆಸ್ಪತ್ರೆಗಳ ದಾಖಲೆ ಜಾಲಾಡುವ ಕಚೇರಿಯಲ್ಲಿ ಸಂಖ್ಯಾಶಾಸ್ತ್ರದವಳು. ಭಾವ ನನ್ನನ್ನು ಕರೆಯುವುದು ಲೆಕ್ಕದಮ್ಮ ಎಂದು. ಅಕ್ಕ ಹೇಳುವ ಆ ವರದಿ ನಾನು ಕೆಲಸಕ್ಕೆ ಸೇರುವ ಮೊದಲಿನದು. ಅದನ್ನು ಅವಳಿಗೆ ಎಷ್ಟು ಸಲ ಹೇಳಿದರೂ ಗೋಡೆಗೆ ಹೇಳಿದ ಹಾಗೆ.

ಈ ವರ್ಷ ಅದೇ ಮಾತ್ರೆಯ ದೀರ್ಘಕಾಲದ ಲೆಕ್ಕ ನನ್ನ ಮೇಜಿಗೇ ಬಂದು ಬಿತ್ತು.

"ಸರ್, ನಮ್ಮ ಭಾವನೂ ಇದನ್ನೇ ತಗೋತಾರೆ. ಬೇರೆಯವ್ರಿಗೆ ಕೊಡಿ," ಎಂದೆ ಮುಖ್ಯಸ್ಥರಿಗೆ.

"ಯಾರ ಭಾವ ತಗೊಳ್ಳಲ್ಲ ಹೇಳಮ್ಮ? ಸುಮ್ನೆ ಮಾಡು," ಎಂದು ಅವರು ಕನ್ನಡಕ ಒರೆಸಿಕೊಂಡರು.

ಮಾಡಿದೆ. ಮೊದಲ ನೋಟಕ್ಕೆ ಹಳೆಯ ವರದಿ ಹೇಳಿದ್ದೇ ನಿಜ: ಮಾತ್ರೆ ತಪ್ಪದೆ ನುಂಗಿದವರಲ್ಲಿ ಸಾವು ಕಡಿಮೆ. ಆದರೆ ನುಂಗುವವರು ಎಂಥವರು? ಹೇಳಿದ ದಿನಕ್ಕೆ ತಪಾಸಣೆಗೆ ಬರುವವರು, ಸಿಗರೇಟು ಬಿಟ್ಟವರು, ಮನೆಯಲ್ಲಿ ನೀರಿನ ಲೋಟ ಹಿಡಿದು ಎದುರು ನಿಲ್ಲುವ ಒಬ್ಬ ಹೆಂಡತಿಯೋ ಮಗಳೋ ಇರುವವರು. ಇನ್ನೊಂದು ಕಡೆ, ತೀರಾ ಹಾಸಿಗೆ ಹಿಡಿದವನು ಮಾತ್ರೆ ಬಿಡುತ್ತಾನೆ, ಆಮೇಲೆ ಸಾಯುತ್ತಾನೆ. ಆ ಸಾವು ‘ಮಾತ್ರೆ ಬಿಟ್ಟವರ’ ತಲೆಗೆ. ಮಾತ್ರೆಯ ಗುಣವೂ ಮನುಷ್ಯರ ಗುಣವೂ ಹೀಗೆ ಸೇರಿಕೊಂಡುಬಿಡುವುದನ್ನು ನಾವು ಕಚೇರಿಯಲ್ಲಿ ಕಲಬೆರಕೆ ಎನ್ನುತ್ತೇವೆ. ಬೇರ್ಪಡಿಸುವುದೇ ನನ್ನ ಹೊಟ್ಟೆಪಾಡು.

ಒಂದು ದಿನ ಊಟದ ಬಿಡುವಿನಲ್ಲಿ, ತಲೆ ಕೆಟ್ಟು, ಒಂದು ಹುಚ್ಚು ಪ್ರಶ್ನೆ ಹಾಕಿದೆ: ಈ ಮಾತ್ರೆ ರಸ್ತೆ ಅಪಘಾತವನ್ನು ತಡೆಯುತ್ತದೆಯೇ? ತಡೆಯುತ್ತದೆ ಎಂದಿತು ಕಂಪ್ಯೂಟರು. ಸಾವನ್ನು ಎಷ್ಟು ತಡೆಯುತ್ತದೋ ಹೆಚ್ಚುಕಡಿಮೆ ಅಷ್ಟೇ. ಪಕ್ಕದ ಮೇಜಿನ ಸಹೋದ್ಯೋಗಿಗೆ ತೋರಿಸಿದೆ. ಅವನು ಬಾಯಲ್ಲಿದ್ದ ಪೆನ್ನು ತೆಗೆದು, "ಹಾಗಾದ್ರೆ ಬಸ್ ಡ್ರೈವರಿಗೂ ಒಂದೊಂದು ಕೊಡ್ಸೋಣ ಬಿಡಿ," ಎಂದ. ಇಬ್ಬರೂ ನಕ್ಕೆವು. ಎಡಬಲ ನೋಡಿ ರಸ್ತೆ ದಾಟುವವರೇ ಮಾತ್ರೆಯನ್ನೂ ತಪ್ಪದೆ ನುಂಗುತ್ತಾರೆ, ಅಷ್ಟೇ ವಿಷಯ.

ಆಮೇಲೆ ತಿಂಗಳುಗಟ್ಟಲೆ ಜೋಡಿ ಹುಡುಕಿದೆ. ಮಾತ್ರೆ ತಗೊಂಡ ಒಬ್ಬೊಬ್ಬರಿಗೂ ಅದೇ ವಯಸ್ಸಿನ, ಅದೇ ಕಾಯಿಲೆಯ, ಅಂಥದೇ ಅಭ್ಯಾಸಗಳ, ಆದರೆ ಮಾತ್ರೆ ತಗೊಳ್ಳದ ಒಬ್ಬರು. "ನಿಂಗೊಂದು ಜೋಡಿ ಹುಡ್ಕೋಕೆ ನನ್ ಕೈಲಾಗ್ಲಿಲ್ಲ, ನೀನು ಕಂಡೋರಿಗೆಲ್ಲ ಹುಡುಕ್ತೀಯ," ಎಂದು ಅಕ್ಕ ನಗುತ್ತಿದ್ದಳು. ಕಾಯಿಲೆ ಏರಿದಂತೆ ಇಳಿದಂತೆ ಮಾತ್ರೆ ಹಿಡಿಯುವ, ಬಿಡುವ ಜನರ ಪಾಲನ್ನು ವರ್ಷವರ್ಷಕ್ಕೂ ತೂಗಿ ಸರಿಮಾಡಿದೆ. ತೂಗಿದಷ್ಟೂ ಲಾಭ ಕರಗಿತು. ಕೊನೆಗೆ ಇದೆ ಎನ್ನುವ ಹಾಗಿಲ್ಲದಷ್ಟು ಉಳಿಯಿತು.

ನನಗೆ ಸಂತೋಷವಾಯಿತು, ಒಡನೆಯೇ ಹೆದರಿಕೆಯೂ ಆಯಿತು. ನನಗೆ ಬೇಕಾದ ಉತ್ತರವೇ ಬಂದಿತ್ತಲ್ಲ! ಮಾತ್ರೆಯ ಹೆಸರು ಮುಚ್ಚಿಟ್ಟು ಪೆನ್ನು ಕಚ್ಚುವವನ ಕೈಗೆ ಎಲ್ಲವನ್ನೂ ಕೊಟ್ಟು ಮೊದಲಿನಿಂದ ಮಾಡಿಸಿದೆ. ಅವನಿಗೂ ಅದೇ ಬಂತು.

"ಹಾಗಾದ್ರೆ ಮಾತ್ರೆ ದಂಡ ಅಂತೀಯಾ?" ಎಂದರು ಮುಖ್ಯಸ್ಥರು.

"ದಂಡ ಅನ್ನಲ್ಲ ಸರ್. ಉಪಯೋಗ ಆಗಿದ್ದು ಕಾಣಲ್ಲ ಅಂತೀನಿ."

"ಎರಡೂ ಒಂದೇ ಅಲ್ವೇನಮ್ಮ?"

ಒಂದೇ ಅಲ್ಲ. ಅದನ್ನು ಇನ್ನೊಮ್ಮೆ ವಿವರಿಸುವ ತ್ರಾಣ ನನ್ನಲ್ಲಿರಲಿಲ್ಲ. ವರದಿಯಲ್ಲಿ ಬರೆದು ಮನೆಗೆ ಬಂದೆ.

ಅಕ್ಕ ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಾನೇನೋ ಅವಳ ಗಂಡನ ಆಯಸ್ಸನ್ನು ಕಿತ್ತುಕೊಂಡ ಹಾಗೆ. ಕೊನೆಗೆ ಮೂವರೂ ಭಾವನ ಡಾಕ್ಟರ ಹತ್ತಿರ ಹೋದೆವು. ಅವರು ವರದಿ ಓದಿ, ಹೊಸದಾಗಿ ಎದೆಬಡಿತ ನೋಡಿ, "ನಿಮ್ಮ ಮಟ್ಟಿಗೆ ನಿಲ್ಸಿ ನೋಡ್ಬಹುದು. ಆದ್ರೆ ನಾನು ಹೇಳ್ದಂಗೆ ಇಳಿಸ್ತಾ ಬನ್ನಿ. ಕೈ ನಡುಕದ ವಿಷಯ, ಮೈಯಿಂದ ಮಾತ್ರೆ ಪೂರ್ತಿ ಹೋದ್ಮೇಲೆ ನೋಡೋಣ," ಎಂದರು. ಮೆಟ್ಟಿಲಿಳಿಯುವಾಗ ಭಾವ ನನ್ನ ಭುಜ ತಟ್ಟಿದರು. ಅವರು ಹಾಗೆ ತಟ್ಟುವವರಲ್ಲ. ನನಗೆ ಕಣ್ಣು ತುಂಬಿ ಬಂತು.

ಮಾತ್ರೆ ನಿಂತಿತು. ಬೇಸಿಗೆ ಕಳೆಯಿತು. ಕೈ ನಡುಗುತ್ತಲೇ ಇತ್ತು. ಮೈಯಿಂದ ಹೋಗಲು ಹೊತ್ತು ಬೇಕು ಎಂದು ನಾನೇ ಸಮಾಧಾನ ಹೇಳುತ್ತಿದ್ದೆ. ಎದೆಬಡಿತ ನೆಟ್ಟಗಿದೆ, ಮಾತ್ರೆಯ ಅಂಶ ಇನ್ನು ಉಳಿದಿರಲಾರದು ಎಂದು ಡಾಕ್ಟರು ಹೇಳಿದ ವಾರ, ರಜೆಯ ದಿನ ಬೆಳಿಗ್ಗೆ, ಅಕ್ಕ ಹಳೆಯ ಹೊದಿಕೆಯೊಂದನ್ನು ಊಟದ ಮೇಜಿನ ಮೇಲೆ ಹಾಸಿ, "ಇವತ್ತು ಕತ್ತರ್ಸಿ ನೋಡಿ," ಎಂದು ಅಡುಗೆಮನೆಗೆ ಹೋದಳು. ಎದುರಿಗೆ ನಿಲ್ಲಲು ಅವಳಿಗೆ ಧೈರ್ಯ ಸಾಲದು.

ಭಾವ ಗೆರೆ ಎಳೆದರು. ಕತ್ತರಿ ಹಿಡಿದರು. ಬಟ್ಟೆ ಸೀಳಿಕೊಂಡು ಹೋದ ದಾರಿಗೂ ಸೀಮೆಸುಣ್ಣದ ಗೆರೆಗೂ ಸಂಬಂಧವೇ ಇರಲಿಲ್ಲ. ಅರ್ಧಕ್ಕೇ ನಿಲ್ಲಿಸಿ ಕುರ್ಚಿಯಲ್ಲಿ ಕುಳಿತರು.

"ಇನ್ನೊಂದಷ್ಟು ದಿನ ಭಾವ," ಎಂದೆ.

"ಬೇಡ ಲೆಕ್ಕದಮ್ಮ." ದನಿ ತಗ್ಗಿಸಿದರು. "ಇದು ಮಾತ್ರೆಗಿಂತ ಮೊದ್ಲೇ ಇತ್ತು. ಅಂಗಡೀಲಿ ಕೋಟಿನ ಎರಡು ತೋಳು ಹಾಳ್ ಮಾಡಿ, ಕತ್ತರಿ ಮೊಂಡಾಗಿದೆ ಅಂದಿದ್ದೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಮಾತ್ರೆ ಕೊಟ್ರಲ್ಲ, ಅದರ ಮೇಲೆ ಹಾಕ್ದೆ. ಹಾಕ್ತಾ ಹಾಕ್ತಾ ನಾನೂ ನಂಬ್ದೆ. ಮಾತ್ರೆಯಿಂದ ಅಂತಾದ್ರೆ ಒಂದಿನ ಬಿಡ್ಬಹುದಲ್ಲ. ಈಗ ಬಿಡೋಕೆ ಏನಿದೆ ಹೇಳು?"

ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂದು ಸಾವಿರಾರು ಅಪರಿಚಿತರ ವಿಷಯದಲ್ಲಿ ಕೇಳಿ ಕೇಳಿ ಬಾಯಿ ಸವೆಸಿಕೊಂಡವಳು, ಒಂದೇ ಮೇಜಿನಲ್ಲಿ ಉಣ್ಣುವ ಈ ಮನುಷ್ಯನನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿದ್ದರೋ ಇಲ್ಲವೋ. ಅವರಿಗಾಗಿ ದುಃಖವಾಯಿತು, ನನ್ನ ಮೇಲೆ ಸಿಟ್ಟೂ ಬಂತು, ಆದರೆ ಸಿಟ್ಟು ಮಾಡಿಕೊಳ್ಳಲೂ ಆಗದಷ್ಟು ದಣಿದಿದ್ದೆ.

"ಹೇಗ್ ಬಂತ್ರೀ? ನೇರ ಬಂತಾ?" ಅಡುಗೆಮನೆಯಿಂದ ಅಕ್ಕ ಕೂಗಿದಳು.

ಭಾವ ನನ್ನ ಮುಖ ನೋಡಿದರು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, "ಮೊದ್ಲಿಗಿಂತ ವಾಸಿ ಕಣೇ," ಎಂದರು.

"ನೋಡಿದ್ಯಾ! ಆ ಹಾಳ್ ಮಾತ್ರೆದೇ ಕೆಲಸ," ಎಂದಳು ಅಕ್ಕ. ಅವಳು ಹೊರಗೆ ಬರುವಷ್ಟರಲ್ಲಿ ನಾನು ಹೊದಿಕೆಯನ್ನು ಮಡಿಸಿ, ಕತ್ತರಿಸಿದ ಅಂಚನ್ನು ಒಳಕ್ಕೆ ಸೇರಿಸಿಬಿಟ್ಟೆ.