ಮಲಕಾಜಪ್ಪ ಹಿಂದ ಸರಿದದ್ದು

ಅಕ್ಕಲಕೋಟದ ಅಣ್ಣಾರಾಯ ದೇಸಾಯರ ಮನೆಯಲ್ಲಿ ಮಲಕಾಜಪ್ಪ ಹನ್ನೊಂದು ವರ್ಷ ಮೋಟಾರು ಹೊಡೆದ. ಆ ಹನ್ನೊಂದು ವರ್ಷದಲ್ಲಿ ಒಂದು ಗೇಣಿನಷ್ಟೂ ಅದನ್ನು ಹಿಂದಕ್ಕೆ ಸರಿಸಿರಲಿಲ್ಲ.

ತಪ್ಪು ಅವನದಲ್ಲ. ದೇಸಾಯರು ಮುಂಬಯಿಯಿಂದ ತರಿಸಿದ್ದು ಯಾರೋ ಹೊಡೆದು ಬಿಟ್ಟ ಹಳೆಯ ಗಾಡಿ. ಹಿಂದಕ್ಕೆ ಹೋಗುವ ಗೇರಿನ ಹಲ್ಲುಗಳು ಬರುವಾಗಲೇ ಉದುರಿದ್ದವು. ರಿಪೇರಿಗೆ ಮತ್ತೆ ಮುಂಬಯಿಗೇ ಕಳಿಸಬೇಕು ಎಂದಾಗ ದೇಸಾಯರು ಮೀಸೆ ತಿರುವಿದರು. “ನಮ್ಮ ಮನಿತನದಾಗ ಇಲ್ಲಿತನಕ ಯಾರೂ ಹಿಂದ ಸರದಿಲ್ಲ. ಮೋಟಾರ ಯಾಕ ಸರೀಬೇಕು?”

ಅಲ್ಲಿಂದ ಅದು ಮನೆತನದ ಮರ್ಯಾದೆಯ ಮಾತಾಯಿತು. ಓಣಿಯಲ್ಲಿ ಎದುರಿಗೆ ಬಂಡಿ ಬಂದರೆ ಬಂಡಿಯೇ ಸರಿಯಬೇಕು. ತಿರುಗಬೇಕಾದರೆ ಊರು ಸುತ್ತಿ ಬರಬೇಕು. ಒಮ್ಮೆ ಮದುವೆಮನೆಯ ಸಂದಿಯಲ್ಲಿ ಸಿಕ್ಕಿಬಿದ್ದಾಗ ಎಂಟು ಮಂದಿ ಮೂತಿಗೆ ಭುಜಕೊಟ್ಟು ಮೋಟಾರನ್ನು ಹಿಂದಕ್ಕೆ ದಬ್ಬಿದರು. ಒಳಗೆ ಕುಳಿತ ದೇಸಾಯರು ತಮಗೇನೂ ಸಂಬಂಧವಿಲ್ಲದವರಂತೆ ಆಕಾಶ ನೋಡುತ್ತಿದ್ದರು.

ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ ವೈದ್ಯರು ದೇಸಾಯರಿಗೆ, ದಿನಾ ಎರಡು ಮೈಲು ನಡೆಯದಿದ್ದರೆ ಕಾಲು ಕೈಕೊಡುತ್ತವೆ ಎಂದರು. ದೇಸಾಯರು ಮೋಟಾರು ಮಾರಿದರು. ಮಲಕಾಜಪ್ಪನಿಗೆ ಒಂದು ಚಿಟ್ಟಿ ಬರೆದುಕೊಟ್ಟು, ಸೊಲ್ಲಾಪುರದ ನವಿ ಪೇಠದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಭೀಮಶಾ ಸಾವಕಾರರ ಕಡೆ ಕಳಿಸಿದರು. ಸಾವಕಾರರು ಆಗತಾನೇ ಹೊಸ ಮೋಟಾರು ಕೊಂಡಿದ್ದರು. ಮಲಕಾಜಪ್ಪ ಹೆಂಡತಿ ಕಲ್ಯಾಣಮ್ಮನನ್ನೂ ಎರಡು ಟ್ರಂಕನ್ನೂ ಕಟ್ಟಿಕೊಂಡು ರೈಲು ಹತ್ತಿದ.

ಹೊಸ ಮೋಟಾರಿಗೆ ಎಲ್ಲ ಗೇರೂ ಇದ್ದವು. ಹಿಂದಿನ ಗೇರಿನ ಗೊಡವೆಗೆ ಮಾತ್ರ ಮಲಕಾಜಪ್ಪ ಹೋಗಲಿಲ್ಲ. ಅಂಗಡಿಯಿಂದ ಸಾವಕಾರರ ಮನೆ ಕೂಗಳತೆಯ ದೂರ. ಅದನ್ನು ಅವನು ಅರ್ಧ ಗಂಟೆಯ ದಾರಿ ಮಾಡಿದ. ತಿರುಗಿಸಲು ಜಾಗ ಹುಡುಕುತ್ತ ಸಿದ್ಧೇಶ್ವರ ಗುಡಿಯ ಕೆರೆಯ ತನಕ ಹೋಗಿ ಸುತ್ತಿ ಬರುತ್ತಿದ್ದ. ಮೋಟಾರಿನಲ್ಲಿ ಓಡಾಡುತ್ತಿದ್ದ ಸಾವಕಾರರ ತಾಯಿಗೆ ದಿನಕ್ಕೆರಡು ಸಲ ಗುಡಿಯ ದರ್ಶನವಾಗತೊಡಗಿತು. “ಹೊಸಾ ಡ್ರೈವರ ಭಾಳ ಧರ್ಮವಂತ ಇದ್ದಾನ,” ಎಂದು ಮುದುಕಿ ಓಣಿಯವರಿಗೆಲ್ಲ ಹೇಳಿದಳು.

ಒಂಬತ್ತನೆಯ ದಿನ ಪೇಠದ ಮೂಲೆಯಲ್ಲಿ ಪೋಲೀಸನೊಬ್ಬ ಕೈಯೆತ್ತಿ ನಿಲ್ಲಿಸಿದ. ಮಲಕಾಜಪ್ಪ ಅಂಗಿಯೊಳಗಿಂದ ತನ್ನ ಲೈಸನ್ಸು ತೆಗೆದ. ಅಕ್ಕಲಕೋಟ ಸಂಸ್ಥಾನದ ಕಾಗದ, ಮರಾಠಿಯ ಮೋಡಿ ಅಕ್ಷರ, ಕೆಳಗೆ ಅಂಗೈಯಗಲದ ಮುದ್ರೆ. ಪೋಲೀಸ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಚೇರಿಗೆ ಹೋಗೆಂದ.

ಕಚೇರಿಯಲ್ಲಿ ತುಕಾರಾಮ ಎಂಬ ಕಾರಕೂನ ಕುಳಿತಿದ್ದ. ಮರಾಠಿಯಲ್ಲಿ ಬರೆದು, ಕನ್ನಡದಲ್ಲಿ ಬೈದು ರೂಢಿಯಾದ ಮನುಷ್ಯ.

“ಇದು ಪರರಾಜ್ಯದ್ದು. ಇಲ್ಲಿ ನಡ್ಯಾಂಗಿಲ್ಲ.”

“ಪರರಾಜ್ಯ ಯಾವುದ್ರಿ? ಮುಂಜಾನಿ ರೊಟ್ಟಿ ಕಟಗೊಂಡು ಬಂಡಿ ಹೂಡಿದ್ರ ಹೊತ್ತ ಮುಣಗೂದ್ರಾಗ ನಮ್ಮೂರು.”

“ಬಂಡಿ ಹೂಡ್ಕೊಂಡು ಹೋಗ್ರಿ, ಯಾರ ಬ್ಯಾಡ ಅಂತಾರ? ಮೋಟಾರಿಗಿ ಮಾತ್ರ ಇಲ್ಲಿ ಇಂಗ್ರೇಜಿ ಸರಕಾರದ್ದ ಲೈಸನ್ಸ ಬೇಕು. ವಿಲಾಯತಿಯಿಂದ ಬಂದವಗೂ ಅಷ್ಟ, ಅಕ್ಕಲಕೋಟದಿಂದ ಬಂದವಗೂ ಅಷ್ಟ. ಬರೂ ಮಂಗಳವಾರ ಫೌಜದಾರ ಸಾಹೇಬರ ಮುಂದ ಪರೀಕ್ಷಾ ಕೊಡ್ರಿ. ಅಲ್ಲಿತನಕ ಈ ಕಾಗದದ ಮ್ಯಾಲೆ ನಡಸ್ರಿ.”

“ಪರೀಕ್ಷಾದಾಗ ಏನೇನ ಇರ್ತದ್ರಿ?”

“ಮುಂದ ಹೊಡೀಬೇಕು. ಕೈ ಮಾಡಿ ನಿಲ್ಲಸಬೇಕು. ಎರಡು ಗೂಟದ ನಡುವ ಹಿಂದ ಸರಸಬೇಕು.”

“ಹಿಂದ?”

“ಹಿಂದ.”

“ಎಷ್ಟ ದೂರ್ರಿ?”

ತುಕಾರಾಮ ಚಾಳೀಸಿನ ಮೇಲಿನಿಂದ ಅವನನ್ನು ನೋಡಿದ. ಇಷ್ಟು ವರ್ಷದ ಕಾರಕೂನಿಕೆಯಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಅಂದು ಮಧ್ಯಾಹ್ನ ಮಲಕಾಜಪ್ಪ ಪಲ್ಯ ಮುಟ್ಟದೆ ಬರೀ ರೊಟ್ಟಿ ಮುರಿದು ಬಾಯಿಗಿಟ್ಟುಕೊಳ್ಳುತ್ತಿದ್ದ. ಒಲೆಯ ಮುಂದೆ ಕುಳಿತ ಕಲ್ಯಾಣಮ್ಮ ಕಣ್ಣಂಚಿನಿಂದ ನೋಡಿದಳು. ಆಕೆ ಅಕ್ಕಲಕೋಟದ ಹತ್ತಿರದ ಹಳ್ಳಿಯ ಒಕ್ಕಲಿಗರ ಮಗಳು. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಹತ್ತು ವರ್ಷದವಳಿದ್ದಾಗಲೇ ಬಂಡಿಯ ಹಗ್ಗ ಹಿಡಿದವಳು. ಎತ್ತು ಯಾವ ಕಾಲು ಕುಂಟುತ್ತದೆಂದು ಮೈಲು ದೂರದಿಂದ ಹೇಳಬಲ್ಲಳು. ಗಂಡ ಯಾವುದಕ್ಕೆ ಕುಂಟುತ್ತಿದ್ದಾನೆಂದು ತಿಳಿಯಲು ಮೂರು ಪ್ರಶ್ನೆ ಸಾಕಾದವು.

ಕೇಳಿ ಆಕೆ ನಕ್ಕಳು. ನಗು ಮುಗಿಯುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು.

“ಹನ್ನೊಂದ ವರ್ಷ ತವರಮನಿಯಾಗ ‘ನಮ್ಮವ್ರು ಡ್ರೈವರ’ ಅಂತ ಹೇಳ್ಕೋತ ಬಂದೀನ್ರಿ. ಅರ್ಧಾ ಡ್ರೈವರ ಅಂತ ಹೇಳಬೇಕಾಗಿತ್ತ ಏನು?”

“ನಗಬ್ಯಾಡ. ಯಾರ ಮುಂದೂ ಆಡಬ್ಯಾಡ.”

“ಪೇಠದಾಗ ಅಷ್ಟ ಮಂದಿ ಡ್ರೈವರ ಇದ್ದಾರ. ಒಬ್ಬರನ್ನ ಕೇಳ್ರಿ.”

“ನಾ ಹೋಗಿ, ‘ಹಿಂದ ಸರಿಯೂದು ಹ್ಯಾಂಗೋ ತಮ್ಮಾ’ ಅಂತ ಕೇಳಲಿ? ಮೀಸಿ ತಗಸಿಕೊಂಡ ಹೋಗಬೇಕಾಗ್ತದ.”

“ಹಂಗಾರ ನಾ ಕಲಸ್ತೀನಿ. ಬಂಡಿ ಹಿಂದ ಸರಸೂದ್ರಾಗ ನಮ್ಮೂರಾಗ ನನ್ನ ಕೈ ಹಿಡ್ಯಾವ್ರಿಲ್ಲ.”

“ಮೋಟಾರಿಗೂ ಬಂಡಿಗೂ ಏನ ಸಂಬಂಧ?”

“ಎರಡಕ್ಕೂ ಬಾಲ ಹಿಂದ ಅದ,” ಎಂದಳು ಕಲ್ಯಾಣಮ್ಮ, ಕರಿ ರೊಟ್ಟಿಯನ್ನು ಅವನ ತಾಟಿಗೆ ಹಾಕುತ್ತ.

ಮರುದಿನ ನಸುಕಿನಲ್ಲಿ, ಮೋಟಾರು ತೊಳೆದುಕೊಂಡು ಬರುತ್ತೇನೆಂದು ಸಾವಕಾರರಿಗೆ ಹೇಳಿ, ಮಲಕಾಜಪ್ಪ ಊರ ಹೊರಗಿನ ಇನ್ನೊಂದು ಕೆರೆಯ ದಂಡೆಗೆ ಬಂದ. ಕಲ್ಯಾಣಮ್ಮ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕುಳಿತಿದ್ದಳು. ವಿಶಾಲ ಬಯಲು. ಒಂದು ಕಡೆ ನೂಲಿಗೆ ಬಣ್ಣ ಹಾಕುವ ಗಂಗುಬಾಯಿ ಬಿದಿರ ಗಳುಗಳನ್ನು ಹುಗಿದು, ಕೆಂಪು ಬಣ್ಣ ಕಟ್ಟಿದ ನೂಲನ್ನು ಒಣಹಾಕಿದ್ದಳು. ಅದು ಇನ್ನೂ ಹನಿಯುತ್ತಿತ್ತು.

ಕಲ್ಯಾಣಮ್ಮ ಇಳಿದು ಮೋಟಾರಿನ ಹಿಂದೆ ಹತ್ತು ಮಾರು ದೂರ ನಿಂತಳು. “ನೂಲು ನಿಮ್ಮ ಬಲಕ್ಕದ. ಬಾಲ ಎಡಕ್ಕ ಬರಬೇಕು. ಅಂದ್ರ ಮೂತಿ ಬಲಕ್ಕ ಮುರೀರಿ!”

ಮಲಕಾಜಪ್ಪ ಹೆದರುತ್ತ ಗೇರು ಹಾಕಿದ. ಚಕ್ರವನ್ನು ಬಲಕ್ಕೆ ತಿರುವಿದ. ಮೋಟಾರು ಗುರ್ ಎಂದು ಹಿಂದಕ್ಕೆ ಹೊರಟಿತು, ಬಲಕ್ಕೇ ಹೊರಟಿತು.

“ಇನ್ನಷ್ಟ ಬಲಕ್ಕ! ಬಲಕ್ಕ ಅಂದ್ನೆಲ್ರಿ!”

ಅವನು ಇನ್ನಷ್ಟು ತಿರುವಿದ. ಎರಡು ಗಳು ಲಟಲಟನೆ ಮುರಿದವು. ಸಾವಕಾರರ ಹೊಸ ಮೋಟಾರು ಕೆಂಪು ನೂಲಿನ ಸೆರಗು ಹೊದ್ದು ನಿಂತಿತು.

ಗಂಗುಬಾಯಿ ಓಡಿ ಬಂದಳು. ಮರಾಠಿಯಲ್ಲಿ ಶುರುಮಾಡಿ, ಅದು ಸಾಲದೆಂದು ಕನ್ನಡಕ್ಕೆ ಬಂದು, ಇಬ್ಬರ ಏಳು ತಲೆಮಾರನ್ನೂ ಮಾತಾಡಿಸಿದಳು. ಕೊನೆಗೆ, “ನಡ್ರಿ, ಇಬ್ರೂ ಸೇರಿ ತೊಳದು ಕೊಡ್ರಿ,” ಎಂದಳು. ಗಂಡಹೆಂಡತಿ ಕೆರೆಯ ಕಲ್ಲಿನ ಮೇಲೆ ಮೊಣಕಾಲುದ್ದ ನೀರಲ್ಲಿ ನಿಂತು ನೂಲು ಜಾಲಿಸಿದರು. ಈಗ ನಗುವ ಪಾಳಿ ಮಲಕಾಜಪ್ಪನದು.

“ಏನವಾ ಮಾಸ್ತರಬಾಯಿ, ನಿಮ್ಮೂರಾಗ ಬಲಕ್ಕ ಅಂದ್ರ ಎಡಕ್ಕ ಹೋಗ್ತಾವೇನು?”

“ಬಂಡಿ ಹಂಗ ಹೋಗ್ತದ. ಎತ್ತಿನ ಮೂತಿ ಬಲಕ್ಕ ಮುರದು ಹಿಂದ ದಬ್ಬಿದ್ರ ಬಾಲ ಎಡಕ್ಕ ಬರ್ತದ. ಬಂಡಿ ಶಾಣ್ಯಾ ಅದ, ನಿಮ್ಮ ಮೋಟಾರಕ್ಕ ಬುದ್ಧಿ ಇಲ್ಲ.” ಆಕೆ ನೂಲು ಹಿಂಡಿ ಕಲ್ಲಿನ ಮೇಲಿಟ್ಟಳು. ಆಮೇಲೆ ಬೇರೆ ದನಿಯಲ್ಲಿ, “ಬಾಲ ಎತ್ತಾಗ ಹೋಗಬೇಕೋ ಅತ್ತಾಗ ಕೈ ತಿರುವಬೇಕು, ಹೌದಲ್ರಿ?” ಎಂದಳು.

ಮಲಕಾಜಪ್ಪ ನೀರಲ್ಲೇ ನಿಂತು ಎರಡೂ ಕೈಯಿಂದ ಗಾಳಿಯಲ್ಲಿ ಚಕ್ರ ತಿರುವಿ ನೋಡಿದ. “ಹೌದು,” ಎಂದ. ಹನ್ನೊಂದು ವರ್ಷದಲ್ಲಿ ಹೊಳೆಯದ್ದು.

ಆಮೇಲೆ ನಾಲ್ಕು ನಸುಕು ಬಂದರು. ಗಂಗುಬಾಯಿ ಮುಂದಾಲೋಚನೆಯಿಂದ ನೂಲನ್ನು ದೂರ ಕಟ್ಟಿ, ಮುರಿದ ಗಳುಗಳನ್ನೇ ಗೂಟ ಮಾಡಿ ನೆಟ್ಟುಕೊಟ್ಟಳು. ಕಲ್ಯಾಣಮ್ಮ ಹಿಂದೆ ನಿಂತು ಕೂಗುವಳು: “ಬರ್ರಿ, ಬರ್ರಿ… ಎಡಕ್ಕ ಒಂದ ಬಟ್ಟು… ಹಾಂ, ಸೀದಾ… ಹೋ!” ಆ “ಹೋ” ಎತ್ತಿಗೆ ಹೇಳುವ ಹೋ. ಮಲಕಾಜಪ್ಪ ಎತ್ತಿಗಿಂತ ಚೆನ್ನಾಗಿ ನಿಲ್ಲುತ್ತಿದ್ದ.

ಮಂಗಳವಾರ ಪೋಲೀಸರ ಮೈದಾನದಲ್ಲಿ ಫೌಜದಾರ ಸಾಹೇಬರು ಮೋಟಾರು ಹತ್ತಿ ಪಕ್ಕದಲ್ಲಿ ಕುಳಿತರು. ಪುಣೆಯ ಕಡೆಯವರು, ಕಡಿಮೆ ಮಾತಿನವರು. ಮುಂದೆ ಹೊಡೆಯುವುದರಲ್ಲಿ ಮಲಕಾಜಪ್ಪ ರಾಜ. ಕೈ ಚಾಚಿದ್ದೂ ನಿಲ್ಲಿಸಿದ್ದೂ ಸರಿಯಾಯಿತು. ಗೂಟಗಳ ಮುಂದೆ ಬಂದಾಗ ಸಾಹೇಬರು ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿ, “ಮಾಗೆ ಘ್ಯಾ,” ಎಂದರು.

ಮಲಕಾಜಪ್ಪ ಗೇರು ಹಾಕಿ ಕುತ್ತಿಗೆ ತಿರುಗಿಸಿದ. ಹಿಂದೆ ಎರಡು ಗೂಟ, ನಡುವೆ ಖಾಲಿ ಬಯಲು. ಯಾರೂ “ಬರ್ರಿ” ಎನ್ನಲಿಲ್ಲ. ಅವನ ಕೈ ಚಕ್ರದ ಮೇಲೆ ಮರಗಟ್ಟಿತು. ಸಾಹೇಬರು ಕಾದರು, ಕೆಮ್ಮಿದರು, ಮತ್ತೆ ಕಾದರು.

ಕೊನೆಗೆ ಮಲಕಾಜಪ್ಪ ಎಲ್ಲ ಹೇಳಿಬಿಟ್ಟ. ಹಲ್ಲುದುರಿದ ಗೇರು, ದೇಸಾಯರ ಮರ್ಯಾದೆ, ಕೆರೆಯ ದಂಡೆ, ಹೆಂಡತಿಯ ದನಿ. ಮೈದಾನದ ಅಂಚಿನಲ್ಲಿ ನಿಂತಿದ್ದ ತುಕಾರಾಮ ಹತ್ತಿರ ಬಂದು ಮರಾಠಿಗೆ ತಿರುಗಿಸಿ ಹೇಳುತ್ತ, ನಡುನಡುವೆ ಮುಖ ಆಚೆ ಮಾಡಿ ನಗು ನುಂಗಿದ.

“ಆಕೆ ಎಲ್ಲಿ?” ಎಂದು ಸಾಹೇಬರು ಕೇಳಿದರು.

ಆಕೆ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಹಿಡಿದು ಕುಳಿತಿದ್ದಳು. ಕರೆದಾಗ ಸೆರಗನ್ನು ತಲೆಯ ಮೇಲೆಳೆದುಕೊಂಡು ಬಂದಳು. ಸಾಹೇಬರು ಹೇಳಿದ್ದನ್ನು ತುಕಾರಾಮ ಕನ್ನಡಕ್ಕೆ ತಂದ: “ಬೇಕಾದಲ್ಲಿ ನಿಲ್ಲಬಹುದವಾ. ಆದ್ರ ತುಟಿ ಪಿಟಕ್ಕ ಅನಬಾರದು.”

ಕಲ್ಯಾಣಮ್ಮ ಎರಡು ಗೂಟಗಳ ನಟ್ಟನಡುವಿನ ನೇರಕ್ಕೆ, ಅವುಗಳಿಂದ ಹತ್ತು ಮಾರು ಹಿಂದೆ ಹೋಗಿ ನಿಂತಳು. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು.

“ಅಲ್ಲೆ ನಿಂತ್ರ ಮೋಟಾರ ಮೈಮ್ಯಾಲೆ ಬರ್ತದವಾ, ಬಾಜೂಕ ಸರಿ!” ಎಂದು ತುಕಾರಾಮ ಕೂಗಿದ. ಆಕೆ ತಲೆಯಲ್ಲಾಡಿಸಿದಳು. ಸರಿಯಲಿಲ್ಲ.

ಮಲಕಾಜಪ್ಪ ಆಕೆಯನ್ನೇ ನೋಡುತ್ತ ಕಾಲು ಸಡಿಲಿಸಿದ. ಮೋಟಾರು ಹೊರಟಿತು. ಆಕೆಯ ಕಣ್ಣು ಎಡಕ್ಕೆ ಹೊರಳಿದರೆ ಅವನಿಗೆ ಎಡ, ಬಲಕ್ಕೆ ಹೊರಳಿದರೆ ಬಲ ಎಂದೇನೂ ಇರಲಿಲ್ಲ. ಆಕೆ ಅವನ ಮುಖ ಬಿಟ್ಟು ಎಲ್ಲೂ ನೋಡಲಿಲ್ಲ. ಅವನ ಕೈ ತಾನೇ ತಿರುಗಿತು. ಗೂಟಗಳು ಎರಡೂ ಕಡೆಯಿಂದ ಸದ್ದಿಲ್ಲದೆ ಮುಂದಕ್ಕೆ ಸರಿದವು. ಆಕೆಯಿಂದ ಒಂದು ಮಾರು ಈಚೆಗೆ ಮೋಟಾರು ನಿಂತಿತು. ಎಂಜಿನ್ನು ಬಂದಾಗುವ ತನಕ ಆಕೆ ಕದಲಲಿಲ್ಲ. ಆಮೇಲಷ್ಟೇ ಸೆರಗನ್ನು ಬಾಯಿಂದ ಬಿಟ್ಟಳು. ಅದರ ಅಂಚು ಹಲ್ಲಿಗೆ ಸಿಕ್ಕಿ ಹರಿದಿತ್ತು.

ಫೌಜದಾರ ಸಾಹೇಬರು ಇಳಿದು, ಚಕ್ರದ ಗುರುತಿಗೂ ಗೂಟಕ್ಕೂ ನಡುವಿನ ಅಂತರವನ್ನು ಬೆತ್ತದಿಂದ ಅಳೆದರು. ತುಕಾರಾಮನಿಗೆ ಏನೋ ಹೇಳಿ ಹೊರಟುಹೋದರು.

“ಸಾಹೇಬ್ರು ಏನಂದ್ರು?” ಎಂದ ಮಲಕಾಜಪ್ಪ.

“ಹೆಂಡತಿಗಿ ತಾಗಸಲಾರದವ ಊರಾಗ ಯಾರಿಗೂ ತಾಗಸಾಂಗಿಲ್ಲ, ಬರದುಕೊಡು ಅಂದ್ರು.”

ಲೈಸನ್ಸು ಶುಕ್ರವಾರ ಕೈಗೆ ಬಂತು. ಇಂಗ್ಲಿಷಿನಲ್ಲಿ ಅಚ್ಚಾದ ದಪ್ಪ ಕಾಗದ. ಅದನ್ನು ಮೊದಲು ಸಾವಕಾರರಿಗೆ ತೋರಿಸಿ, ಮನಸ್ಸು ತಡೆಯದೆ ನೂಲಿನ ಕಥೆಯನ್ನೂ ಹೇಳಿದ. ಭೀಮಶಾ ಸಾವಕಾರರು ಗಾದಿಯ ಮೇಲೆ ಉರುಳಾಡಿ ನಕ್ಕರು. ಮುರಿದ ಗಳುಗಳ ಬದಲಿಗೆ ಗಂಗುಬಾಯಿಗೆ ಹೊಸ ಗಳು ಕಳಿಸಿಕೊಟ್ಟರು.

ಸಂಜೆ ಖೋಲಿಯ ಹೊಸ್ತಿಲಲ್ಲಿ ಗಂಡಹೆಂಡತಿ ಕಾಗದ ಹರವಿಕೊಂಡು ಕುಳಿತರು. ಇಂಗ್ಲಿಷು ಇಬ್ಬರಿಗೂ ಬಾರದು.

“ಓದ್ರಿ, ಕೇಳೂಣು.”

ಮಲಕಾಜಪ್ಪ ಗಂಟಲು ಸರಿಮಾಡಿಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟ. “ಮಲಕಾಜಪ್ಪ ಅನ್ನಾವ ಭಾಳ ಹುಷಾರ ಡ್ರೈವರ ಇದ್ದು…”

“ಹಂಗ ಬರದಾರ?”

“ಅಚ್ಚ ಹಾಕ್ಯಾರ. ‘ಮುಂದ ಹಿಂದ ಎರಡೂ ಬಲ್ಲವ ಇದ್ದು, ಹೆಂಡತಿ ಮಾತ ಕೇಳಾವ ಇದ್ದು…’”

“ಸುಳ್ಳ. ಅಷ್ಟ ಖರೇ ಮಾತ ಸರಕಾರದವ್ರು ಬರ್ಯಾಂಗಿಲ್ಲ.” ಕಲ್ಯಾಣಮ್ಮ ಕಾಗದದ ಮೇಲೆ ಬಾಗಿದಳು. “ನನ್ನ ಹೆಸರ ಎಲ್ಲ್ಯದ?”

ಮಲಕಾಜಪ್ಪ ಕಾಗದವನ್ನೆಲ್ಲ ಹುಡುಕಿದ. ಕೆಳಗೆ ಸಾಹೇಬರ ಸಹಿಯಿತ್ತು, ಉದ್ದಕ್ಕೆ ಎಳೆದದ್ದು, ಯಾವ ಅಕ್ಷರವೂ ಬಿಡಿಯಾಗಿ ಕಾಣದಂಥದ್ದು.

“ಇದ ನೋಡು,” ಎಂದ. “ಕಲ್ಯಾಣಮ್ಮ.”

ಆಕೆ ಅದರ ಮೇಲೆ ಬೆರಳಾಡಿಸಿ ಬಹಳ ಹೊತ್ತು ನೋಡಿದಳು. ಸುಳ್ಳೆಂದು ಆಕೆಗೆ ಗೊತ್ತಿತ್ತು.

“ಚಲೋ ಬರದಾರ,” ಎಂದಳು. “ಮತ್ತೊಮ್ಮಿ ಮೊದಲಿಂದ ಓದ್ರಿ.”