ಮಿಲ್ಲು ನಿಲ್ಲಿಸುವ ಕ್ರಮ

“ನಿನ್ ಕಂಪ್ಯೂಟರ್ ಹೊತ್ಕಂಡ್ ಸೀದಾ ಕುಂದಾಪ್ರಕ್ಕೆ ಹೋಗ್, ಹೆಣೆ! ಇಪ್ಪತ್ತಾರ್ ವರ್ಷದಂಗೆ ಒಬ್ರ್ ಅಕ್ಕಿ ಇನ್ನೊಬ್ರ್ ಮನಿಗ್ ಹೋಯ್ಲಿಲ್ಲ. ನೀ ಬಂದ್ ಎರ್ಡೇ ತಿಂಗ್ಳಿಗೆ ಹೋಯ್ತ್!”

“ಹೆಸ್ರ್ ನಾ ಅಳಿಸ್ಲಿಲ್ಲ ಭೋಜಣ್ಣ! ಸಂಜಿಗ್ ಇದ್ದ ಹೆಸ್ರ್ ಬೆಳಿಗ್ಗೆ ಇಲ್ಲ ಅಂದ್ರೆ ಇಲ್ಲಿ ಯಾರೋ ಎಂತದೋ ಮಾಡ್ತ್ರ್!”

“ಯಾರ್? ಹೆಗ್ಗಣನಾ?”

ಕಂಪ್ಯೂಟರ್ ಹುಡುಗಿ ಚೇತನಾ ಮೇಜಿಗೆ ಕೈ ಬಡಿದಳು. ನಾನೂ ಬಡಿದೆ. ನಡುವೆ ವಂಡ್ಸೆಯ ಸರೋಜಕ್ಕ ಸ್ಟೀಲ್ ಡಬ್ಬಿಯಲ್ಲಿ ಒಂದಿಷ್ಟು ಅಕ್ಕಿ ಹಿಡಿದು ನಿಂತಿದ್ದರು. “ಐವತ್ ವರ್ಷ ಉಂಡ ಗಂಜಿ ಮಾರಾಯ್ರೆ,” ಎಂದರು. “ನಮ್ ಗದ್ದಿ ಅಕ್ಕಿ ಬೆಂದ್ರೆ ಇಷ್ಟ್ ಬೆಳಿ ಆತ್ತಾ?”

ಆಗುವುದಿಲ್ಲ. ನನಗೆ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಗೊತ್ತಾಗಿತ್ತು.

ನಮ್ಮದು ಬ್ರಹ್ಮಾವರದ ಒಂದು ಕುಚ್ಚಲಕ್ಕಿ ಮಿಲ್ಲು. ಮಿಶನ್ ಎಲ್ಲ ನೋಡಿಕೊಳ್ಳುವವನು ನಾನು. ಊರಿನವರು ತಮ್ಮ ಗದ್ದೆಯ ಭತ್ತ ತರುತ್ತಾರೆ. ಒಂದೊಂದು ಮನೆಯ ಭತ್ತವನ್ನು ಒಂದೊಂದು ಟ್ಯಾಂಕಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಮಾರನೇ ದಿನ ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ ಅದೇ ಮನೆಗೆ ಕೊಡಬೇಕು. ಮೊದಲು ಟ್ಯಾಂಕಿನ ಬಾಗಿಲ ಮೇಲೆ ಚಾಕಿನಲ್ಲಿ ಹೆಸರು ಬರೆಯುತ್ತಿದ್ದೆವು. ಹಬೆಗೆ ಅದು ಅಳಿಸಿ ಹೋದರೂ ನನ್ನ ತಲೆಯಲ್ಲಿ ಇರುತ್ತಿತ್ತು. “ನಿನ್ ತಲಿ ಎಷ್ಟ್ ದಿನ ಬತ್ತ್ ಭೋಜ?” ಎಂದು ಧಣಿ ಪ್ರಭಾವತಿಯಕ್ಕ ಕಂಪ್ಯೂಟರ್ ಹಾಕಿಸಿದರು. ತೂಕದ ಹತ್ತಿರ ಕೂರುವ ಜಲಜ ಹೆಸರು, ಟ್ಯಾಂಕ್ ನಂಬರು ಒತ್ತುತ್ತಾಳೆ. ಭತ್ತದವರು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ನೋಡಿಕೊಳ್ಳಬಹುದು. ಅದನ್ನೆಲ್ಲ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವಳು ಚೇತನಾ. ಅದನ್ನು ನಡೆಸುವ ಸರ್ವರ್ ಎಂಬ ಪ್ರೋಗ್ರಾಮಿನ ಹೆಸರು ಟಾಮ್‌ಕ್ಯಾಟ್ ಅಂತೆ. ಹಾಗೆಂದರೆ ಗಂಡು ಬೆಕ್ಕು; ಅಕ್ಕಿ ಮಿಲ್ಲಿಗೆ ಬೆಕ್ಕಾದರೂ ಬಂತಲ್ಲ ಎಂದು ಅವತ್ತು ನಕ್ಕಿದ್ದೆ.

ಈಗ ನಗು ಇರಲಿಲ್ಲ. ಕೆಲವು ದಿನ ಬೆಳಿಗ್ಗೆ ನೋಡಿದರೆ ಮೂರು ಹೆಸರು ಇಲ್ಲ, ಕೆಲವು ದಿನ ಐದು ಇಲ್ಲ, ಕೆಲವು ದಿನ ಎಲ್ಲ ಸರಿ. ಇಲ್ಲದ್ದನ್ನು ಜಲಜ ನನ್ನನ್ನು ಕೇಳದೆ ಅಂದಾಜಿನಲ್ಲಿ ತುಂಬಿಸಿದ್ದಳು. ಸರೋಜಕ್ಕನ ಅಕ್ಕಿ ಹೋದದ್ದು ಹಾಗೆ.

ಪ್ರಭಾವತಿಯಕ್ಕ ಒಳಗಿನಿಂದ ಬಂದರು.

“ಇಬ್ರೂ ಬಾಯ್ ಮುಚ್ಚಿ. ಚೇತನಾ, ಸೋಮವಾರದ ಒಳಗೆ ಸಮ ಮಾಡ್. ಮತ್ತೊಂದ್ ಹೆಸ್ರ್ ತಪ್ಪಿದ್ರೆ ಇದನ್ ತೆಗಿಸ್ತೆ. ಸಾಲಿಗ್ರಾಮದ ಮಿಲ್ಲಿನವ್ರೂ ಯಡ್ತರೆ ಮಿಲ್ಲಿನವ್ರೂ ಇದ್ ಹ್ಯಾಂಗಿತ್ತ್ ಅಂತ ನನ್ ಹತ್ರ ಕೇಂತಿದ್ರ್. ಇದ್ದದ್ ಇದ್ದ್ ಹಾಂಗೆ ಹೇಳುದ್ ನಾನ್.”

ಹುಡುಗಿಯ ಮುಖ ಸಣ್ಣದಾಯಿತು. ಕುಂದಾಪುರದಲ್ಲಿ ಬೇಕರಿಯ ಮೇಲಿನ ಒಂದು ಕೋಣೆಯಲ್ಲಿ ಕುಳಿತು ಅವಳು ಸ್ವಂತವಾಗಿ ಮಾಡಿದ ಮೊದಲ ಕೆಲಸ ಇದು. ಇಲ್ಲಿ ಕಿತ್ತು ಹಾಕಿದರೆ ಇನ್ನೊಂದು ಮಿಲ್ಲಿನವರು ಬಾಗಿಲೂ ತೆಗೆಯುವುದಿಲ್ಲ. ನನಗೆ ಆಗ ಅವಳ ಮೇಲೆ ಕನಿಕರ ಬರಲಿಲ್ಲ. ಹೋಗಲಿ ಎಂದೇ ಇತ್ತು.

ಅವಳು ಹೋಗಲಿಲ್ಲ. ಇಡೀ ದಿನ ಜಲಜಳ ಪಕ್ಕ ಕುಳಿತಳು. ಸಂಜೆ ಐದೂವರೆಗೆ ನಾನು ಮಿಲ್ಲು ನಿಲ್ಲಿಸಲು ಎದ್ದಾಗ ಹಿಂದೆಯೇ ಬಂದಳು.

“ಇಷ್ಟೆಲ್ಲ ಸ್ವಿಚ್ ಎಂತಕ್ಕೆ? ಮೈನ್ ಎಳ್ದ್ರೆ ಆಯ್ತಲ್ದಾ?”

ಇಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕೈಹಿಡಿದು ಎಳೆದುಕೊಂಡು ಹೋದ ಹಾಗೆ ಎಲ್ಲ ತೋರಿಸಿದೆ. ಮೊದಲು ಗುಂಡಿಗೆ ಭತ್ತ ಬೀಳುವುದನ್ನು ನಿಲ್ಲಿಸಬೇಕು. ಭತ್ತವನ್ನು ಮೇಲೆ ಸಾಗಿಸುವ ಎಲಿವೇಟರ್ ಹತ್ತಿಸಿಕೊಂಡದ್ದು ಖಾಲಿಯಾಗಬೇಕು. ಆಮೇಲೆ ಉಮಿ ಬಿಡಿಸುವ ಶೆಲ್ಲರ್, ಆಮೇಲೆ ತೌಡು ತೆಗೆಯುವ ಪಾಲಿಶರ್. ಒಳಗೆ ಒಂದು ಕಾಳು ಉಳಿಯದ ಮೇಲೆ ಕೊನೆಗೆ ಉಮಿ ಹೊರದೂಡುವ ಫ್ಯಾನು. ಬೆಳಿಗ್ಗೆ ಹೊರಡಿಸುವಾಗ ಇದೇ ಕ್ರಮ ತಿರುಗಾಮುರುಗಾ: ಫ್ಯಾನು ಮೊದಲು, ಭತ್ತ ಕೊನೆಗೆ. ಮುಂದಿನ ಮಿಶನ್ ತಿರುಗದೆ ಹಿಂದಿನದು ಸುರಿದರೆ ಎಲ್ಲ ಕಟ್ಟಿಕೊಳ್ಳುತ್ತದೆ. ಒಮ್ಮೆ ಕೆಲಸದ ಗಣಪ ಬಸ್ಸು ತಪ್ಪುತ್ತದೆಂದು ಮೈನ್ ಎಳೆದು ಓಡಿದ್ದ. ಎಲಿವೇಟರಿನಿಂದ ಭತ್ತ ಬಾಚಿ ತೆಗೆಯಲು ಮಾರನೇ ದಿನ ಮಧ್ಯಾಹ್ನವಾಯಿತು.

ಅವಳು ಎಲ್ಲ ಬರೆದುಕೊಂಡಳು. ಫ್ಯಾನು ನಿಂತಿತು. ನಾನು ಆಫೀಸಿಗೆ ಹೋಗಿ, ದಿನಾ ಮಾಡುವ ಹಾಗೆ, ಕಂಪ್ಯೂಟರ್ ಕೋಣೆಯ ಮೈನ್ ಸ್ವಿಚ್ ಟಪ್ಪೆಂದು ಕೆಳಗೆ ಎಳೆದೆ.

“ಅಯ್ಯೋ!” ಎಂದು ಕಿರುಚಿದಳು. “ಎಂತ ಮಾಡಿದ್ರಿ?”

“ದಿನಾ ಮಾಡುದೇ. ಸಿಡ್ಲ್ ಹೊಡ್ದ್ರೆ ಸುಟ್ ಹೋಪುದ್ ಬ್ಯಾಡ ಅಂತ.”

“ಭೋಜಣ್ಣ, ಎಲಿವೇಟರ್ ತುಂಬಾ ಭತ್ತ ಇಪ್ಪತಿಗೆ ಯಾರಾರೂ ಮೈನ್ ಎಳ್ದ್ರೆ ನೀವ್ ಎಂತ ಮಾಡ್ತ್ರಿ?”

“ಕೆನ್ನಿಗ್ ಹೊಡಿತೆ.”

“ಈಗ ನಾ ಯಾರಿಗ್ ಹೊಡುದ್?”

ಇಪ್ಪತ್ತಾರು ವರ್ಷ ಮಿಲ್ಲಿಗೆ ಮಾಡದ ಕೆಲಸವನ್ನು ಎರಡು ತಿಂಗಳು ದಿನಾ ಸಂಜೆ ಕಂಪ್ಯೂಟರಿಗೆ ಮಾಡುತ್ತಿದ್ದೆ. ಅದನ್ನೂ ಬಲ್ಬಿನ ಹಾಗೆ ಆರಿಸಬಹುದು ಎಂದುಕೊಂಡಿದ್ದೆ.

ಅವಳು ಕುರ್ಚಿಯಲ್ಲಿ ಕುಸಿದು ತಲೆ ಕೆರೆದುಕೊಂಡಳು. “ನಂದೂ ತಪ್ಪ್ ಇತ್ತ್. ಈ ಹಳೆ ಕಂಪ್ಯೂಟರ್ ನಿಧಾನ ಅಂತ ಹತ್ ಹತ್ ಹೆಸ್ರ್ ಸೇರ್ಸಿ ಒಟ್ಟಿಗ್ ಬರ್ದಿಡು ಹಾಂಗ್ ಮಾಡಿದ್ದೆ. ಹತ್ತ್ ಆಯ್ದೆ ಉಳ್ದದ್ದೆಲ್ಲ ಬರಿ ನೆನಪಂಗೆ ಇರತ್ತ್. ನಿಲ್ಸುವತಿಗೆ ಅದನ್ ಬರ್ದಿಡ್ ಅಂತ ನಾ ಹೇಳ್ಲೇ ಇಲ್ಲ. ನನ್ ರೂಮಂಗೆ ನಾ ಅದನ್ ಆಫ್ ಮಾಡುದೇ ಇಲ್ಲ, ಗೊತ್ತಾಯ್ಲಿಲ್ಲ.”

ಕ್ಷಮಿಸು ಎನ್ನುವ ಮಾತು ನನಗೆ ಬರುವುದಿಲ್ಲ. ಎರಡು ಪ್ಲೇಟು ಗೋಳಿಬಜೆ ತರಿಸಿದೆ. ಅವಳು ಒಂದೂವರೆ ಪ್ಲೇಟು ತಿಂದಳು.

ಮಾರನೇ ದಿನ ನಾನು ಜಲಜಳ ಪಟ್ಟಿ ಹಿಡಿದು ಹುಡುಕಿದೆ. ಸರೋಜಕ್ಕನ ಅಕ್ಕಿ ಸಾಲಿಗ್ರಾಮದ ಒಂದು ಹೋಟೆಲಿನವರ ಮನೆಯಲ್ಲಿ ಚೀಲದ ಬಾಯಿ ಬಿಚ್ಚದೆ ಇತ್ತು. ನಾನೇ ಪಿಕಪ್ಪಿನಲ್ಲಿ ವಂಡ್ಸೆಗೆ ಮುಟ್ಟಿಸಿ ಬಂದೆ. ಅವರು ಮೊದಲು ಮೂಸಿ ನೋಡಿದರು, ಆಮೇಲೆ ಚಾ ಕೊಟ್ಟರು.

ಚೇತನಾ ಭಾನುವಾರವೂ ಮಿಲ್ಲಿನಲ್ಲೇ ಕುಳಿತಳು. ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ ಬಿಡಿಸಿ ಹೇಳಿದಳು. ಜಾವಾದಲ್ಲಿ ಲಿಸನರ್ ಎಂದು ಇರುತ್ತದೆ, ಕರೆಗೆ ಕಿವಿಗೊಟ್ಟು ಕಾಯುವಂಥದ್ದು. ಸರ್ವರ್ ಏಳುವಾಗ ಒಮ್ಮೆ ಅದನ್ನು ಕರೆಯುತ್ತದೆ, ನಿಲ್ಲುವಾಗ ಒಮ್ಮೆ. ಅವಳು ಎರಡು ಬರೆದಳು. ಮೊದಲನೆಯದು ಕಂಪ್ಯೂಟರಿನ ಒಳಗೆ ಹೆಸರು ಬರೆದಿಡುವ ಪುಸ್ತಕ ತೆರೆಯುತ್ತದೆ. ಎರಡನೆಯದು ತೂಕದ ಲೆಕ್ಕ ಬರಮಾಡಿಕೊಳ್ಳಲು ಶುರು ಮಾಡುತ್ತದೆ. ನಿಲ್ಲುವಾಗ ಸರ್ವರ್ ತಾನಾಗಿ ತಿರುಗಾಮುರುಗಾ ಕರೆಯುತ್ತದೆ: ತೂಕದ್ದು ಮೊದಲು ನಿಂತು, ಕೈಯಲ್ಲಿದ್ದ ಹೆಸರೆಲ್ಲ ಬರೆದು ಮುಗಿದ ಮೇಲೆ ಪುಸ್ತಕ ಮುಚ್ಚುತ್ತದೆ.

“ಇದ್ ನಮ್ ಮಿಲ್ಲೇ ಅಲ್ದಾ?” ಎಂದೆ.

“ಅಲ್ದೆ ಮತ್ತೆ? ಜಾವಾದವ್ರ್ ನಿಮ್ ಹತ್ರ ಕೇಂಡೇ ಮಾಡಿದ್ರೊ ಏನೋ.”

ಕರೆಂಟು ಹೋದರೂ ಹತ್ತು ನಿಮಿಷ ನಡೆಯುವ ಬ್ಯಾಟರಿ ಜೋಡಿಸಿದಳು. ಕರೆಂಟು ಹೋದದ್ದು ಗೊತ್ತಾದ ಕೂಡಲೇ ಸರ್ವರ್ ತಾನೇ ಅದೇ ಕ್ರಮದಲ್ಲಿ ನಿಲ್ಲಬೇಕು.

ಸೋಮವಾರ ಸಂಜೆ ಪ್ರಭಾವತಿಯಕ್ಕ ಬಂದು ಕುಳಿತರು. ಹದಿನಾಲ್ಕು ಟ್ಯಾಂಕು ತುಂಬಿತ್ತು. ಹದಿನಾಲ್ಕನೆಯ ಹೆಸರು ಜಲಜ ಒತ್ತುತ್ತಿರುವಾಗಲೇ ಚೇತನಾ ನನ್ನ ಕಡೆ ತಿರುಗಿದಳು.

“ಭೋಜಣ್ಣ, ಮೈನ್ ಎಳೆನಿ.”

“ಈಗಳಾ? ತಲಿ ಸಮ ಇತ್ತಾ ನಿಂಗೆ?”

“ಎಳೆನಿ ಅಂದೆ!”

ಎಳೆದೆ. ದೀಪ ಹೋಯಿತು, ಪರದೆ ಉಳಿಯಿತು. ಜಲಜಳ ಕೊನೆಯ ಹೆಸರು ಸೇರಿತು. ಹೊಸದೊಂದು ಒತ್ತಿದರೆ ತೆಗೆದುಕೊಳ್ಳಲಿಲ್ಲ. ಸಾಲು ಸಾಲಾಗಿ ಏನೋ ಬರೆದುಕೊಂಡು ಹೋಗಿ, ಇಪ್ಪತ್ತು ಎಣಿಸುವಷ್ಟರಲ್ಲಿ ಪರದೆ ಕಪ್ಪಾಯಿತು.

ಬೆಳಿಗ್ಗೆ ಏಳಕ್ಕೆ ನಾನೇ ಹಾಕಿದೆ. ಪುಸ್ತಕ ತೆರೆಯುವ ತನಕ ತೂಕದ್ದು ಏಳಲಿಲ್ಲ. ಆಮೇಲೆ ಹೆಸರುಗಳು ಬಂದವು. ನಾನು ಟ್ಯಾಂಕಿನಿಂದ ಟ್ಯಾಂಕಿಗೆ ನಡೆದು, ತಲೆಯಲ್ಲಿದ್ದದ್ದನ್ನು ಕೂಗಿ ಹೇಳಿದೆ. ಚೇತನಾ ಪರದೆ ನೋಡಿ “ಹೌದ್” ಎನ್ನುತ್ತ ಹೋದಳು. ಒಂಬತ್ತನೆಯದಕ್ಕೆ “ಅಲ್ಲ” ಎಂದಳು. ಬಾಗಿಲು ತೆಗೆದು ಭತ್ತ ನೋಡಿದೆ. ತಪ್ಪಿದ್ದು ನನ್ನ ತಲೆ.

ಪ್ರಭಾವತಿಯಕ್ಕ ನಗಲಿಲ್ಲ. ಮೊಬೈಲ್ ತೆಗೆದು ಅಲ್ಲೇ ಯಡ್ತರೆ ಮಿಲ್ಲಿಗೆ ಫೋನ್ ಮಾಡಿದರು. “ಹ್ವಾಯ್, ಹೆಣ್ಣ್ ಬತ್ತ್ ಅಲ್ಲಿಗೆ. ಇವತ್ತೇ,” ಎಂದರು.

ಚೇತನಾ ಚೀಲ ಹೆಗಲಿಗೆ ಹಾಕಿದಳು.

“ಎಂತಾದ್ರೂ ಆದ್ರೆ ಬತ್ಯಾ?” ಎಂದು ಕೇಳಿದೆ.

“ಬತ್ತಿಲ್ಲೆ. ನಾ ಬಪ್ಪ ಹಾಂಗ್ ಆದ್ರೆ ನಾ ಮಾಡಿದ್ದ್ ಸಮ ಆಯ್ಲಿಲ್ಲ ಅಂತ ಲೆಕ್ಕ.”

“ಸೊಕ್ಕ್ ಕಾಣ್!”

“ನಿಮ್ ಹತ್ರವೇ ಕಲ್ತದ್ದ್,” ಎಂದು ಗೇಟು ದಾಟಿ ಹೆದ್ದಾರಿಯಲ್ಲಿ ಯಡ್ತರೆ ಕಡೆಗೆ ಹೋಗುವ ಬೈಂದೂರು ಬಸ್ಸಿಗೆ ಕೈ ಅಡ್ಡ ಹಿಡಿದಳು.

ಅದಾಗಿ ಎರಡು ಕೊಯ್ಲು ಮುಗಿದಿದೆ. ಅವಳು ಇತ್ತ ತಲೆ ಹಾಕಿಲ್ಲ.