ಮಾತು ಕೇಳದ ಗಂಟು

ನಾಗಪುರದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ನಾನು ಕ್ಯಾನ್ಸರ್ ಜೀವಕೋಶಗಳ ಪಾಠ ಹೇಳಿದೆ. ಹಲಗೆಯ ತುಂಬ ಸಂಕೇತಗಳ ಬಾಣ ಎಳೆಯುತ್ತಿದ್ದೆ. ಕೀಮೋ ಔಷಧ ಕೋಶಕ್ಕೆ "ಸಾಯಿ" ಎನ್ನುತ್ತದೆ. ಆದರೆ ಅಕ್ಕಪಕ್ಕದ ಕೋಶಗಳು "ಬದುಕು, ಬದುಕು" ಎಂದು ಸಂಕೇತ ಕಳಿಸುತ್ತಲೇ ಇದ್ದರೆ ಅದು ಔಷಧಕ್ಕೆ ಕಿವಿಗೊಡುವುದಿಲ್ಲ. "ಹಿಂದಿನ ಬೆಂಚಿನವರ ಹಾಗೆ," ಎಂದು ಸೇರಿಸಿ ನಾನೊಬ್ಬನೇ ನಗುತ್ತಿದ್ದೆ.

೨೦೦೩ರಲ್ಲಿ ನನ್ನ ಕುತ್ತಿಗೆಯಲ್ಲೇ ಗಂಟು ಬಂತು. ದೇವರಿಗೆ ನನ್ನ ಪಾಠ ಅರ್ಥವಾಗಿರಲಿಲ್ಲವೋ ಏನೋ, ಉದಾಹರಣೆ ಕೇಳಿದ.

ಮೊದಲ ಔಷಧಕ್ಕೆ ಗಂಟು ಜಗ್ಗಲಿಲ್ಲ. ಕೂದಲು ಮಾತ್ರ ವಿಧೇಯವಾಗಿ ಉದುರಿತು. ನಾಳೆಯಿಂದ ಬೇರೆ ಔಷಧ ಕೊಡೋಣ ಎಂದರು ಡಾಕ್ಟರು. ನಾನು ಅವರಿಗೇ ಪಾಠ ಶುರುಮಾಡಿದೆ. ಒಂದು ದಾರಿ ಮುಚ್ಚಿದರೆ ಸಂಕೇತ ಇನ್ನೊಂದರಲ್ಲಿ ನುಸುಳುತ್ತದೆ, ನಮ್ಮೂರ ಗಾಂಧಿಬಾಗ್ ಪೇಟೆಯ ಗಲ್ಲಿಗಳಲ್ಲಿ ಸೈಕಲ್ಲು ನುಸುಳಿದ ಹಾಗೆ. ಆದ್ದರಿಂದ ಇದೂ ವ್ಯರ್ಥ. ಪಾಪ, ಅವರು ಕೊನೆಯವರೆಗೂ ಕೇಳಿಸಿಕೊಂಡರು. ಅಷ್ಟೆಲ್ಲ ಪಾಂಡಿತ್ಯದ ಹಿಂದೆ ಇದ್ದದ್ದು ಬರೀ ಹೆದರಿಕೆ. ಆ ವಾಂತಿ, ಆ ಬಾಯಿಹುಣ್ಣು ಇನ್ನೊಮ್ಮೆ ನನ್ನಿಂದಾಗುತ್ತಿರಲಿಲ್ಲ.

ಮನೆಗೆ ಬಂದವನೇ ಹೆಂಡತಿ ಬಸವೇಶ್ವರಿಗೆ ಹೇಳಿದೆ: "ಸಾಕು, ಇನ್ನ ಔಷಧ ಬ್ಯಾಡ. ಈ ಗಂಟು ಯಾರ ಮಾತೂ ಕೇಳೂದಿಲ್ಲ."

"ನೀವರ ಯಾವತ್ತು ಯಾರ ಮಾತು ಕೇಳೀರಿ? ನಿಮ್ಮ ಮೈಯಾಗ ಹುಟ್ಟಿದ್ದು ಮತ್ತ ಹ್ಯಾಂಗ ಕೇಳೀತು?" ಎಂದಳು. "ಮೊದಲ ಗಂಜಿ ಕುಡೀರಿ."

ಕುಡಿಯಲಿಲ್ಲ. ಅವಳು ಬಟ್ಟಲು ಎತ್ತಲೂ ಇಲ್ಲ. "ಒಂದ ಗುಟುಕರ ಕುಡೀರಿ," ಎನ್ನುತ್ತ ಎದುರಿಗೇ ಕುಳಿತಳು. ಅಷ್ಟರಲ್ಲಿ ಪಕ್ಕದ ಮನೆಯ ವತ್ಸಲಾ ಕಿತ್ತಳೆ ರಸ ತಂದು, "ಭಾವೂಜೀ, ಥೋಡಂ ಘ್ಯಾ ನಾ," ಸ್ವಲ್ಪವಾದರೂ ತಗೊಳ್ಳಿ ಎಂದು ಮರಾಠಿಯಲ್ಲಿ ಅಂಗಲಾಚಿದಳು. ಅವಳ ಗಂಡ ವಾಮನ ಕಾಂಪೌಂಡಿನ ಆಚೆಯಿಂದಲೇ, ಬೆಳಿಗ್ಗೆ ಆಸ್ಪತ್ರೆಗೆ ತನ್ನ ಗಾಡಿ ತಯಾರಿದೆ ಎಂದು ಕೂಗಿದ. ಬೇಡವೆಂದು ನಾನೂ ಕೂಗಿದೆ. ತಯಾರಿದೆ ಎಂದು ಅವನು ಮತ್ತೆ ಕೂಗಿದ.

ಬಟ್ಟಲು, ಲೋಟ, ಗಾಡಿ. ಯಾರೂ "ಬದುಕು" ಎಂಬ ಪದ ಎತ್ತಲಿಲ್ಲ. ಆದರೂ ಬಾಣಗಳೆಲ್ಲ ನನ್ನ ಕಡೆಗೇ ಇದ್ದವು. ಅಷ್ಟು ವಿಷ ಕುಡಿದೂ ಆ ಗಂಟು ಹೇಗೆ ಉಳಿಯಿತೆಂದು ನನಗೆ ಆಗ ಅರ್ಥವಾಯಿತು. ಇಪ್ಪತ್ತು ವರ್ಷ ಅದನ್ನೇ ಪಾಠ ಹೇಳಿದ್ದೆ, ದಡ್ಡ. ಬಟ್ಟಲು ಕೈಗೆತ್ತಿಕೊಂಡೆ. ಹೇಗೋ ಗಂಜಿ ನುಂಗಿದೆ.

"ನಾಳೆ ಎಷ್ಟೊತ್ತಿಗೆ ಹೊರಡೂದು?" ಎಂದೆ.

ಬಸವೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಂತೂ ಒಂದು ಗಂಟು ಮಾತು ಕೇಳಿತು ನೋಡ್ರಿ."